ನಮ್ಮೂರಿನ ದುಡ್ಡು ನಮ್ಮೂರಿನ ಮನೆಗೆ: ಮೈಸೂರು ಪಾಲಿಕೆ ಆಯುಕ್ತರಿಗೊಂದು ಬಹಿರಂಗ ಪತ್ರ

ಮಾನ್ಯ ಆಯುಕ್ತರಿಗೆ ನಮಸ್ಕಾರ.

ನಾನು ಕುವೆಂಪುನಗರದಲ್ಲಿರುವ ನಿವೃತ್ತ ಶಿಕ್ಷಕಿ. ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದೆ. ಇಷ್ಟು ವರ್ಷ ನಿಮ್ಮ ಕಚೇರಿಗೆ ಕಂದಾಯ ಕಟ್ಟಲು, ಖಾತೆ ಮಾಡಿಸಲು ಮಾತ್ರ ಬಂದಿದ್ದೇನೆ. ಈ ಸಲ ಊರಿನವರ ಉಳಿತಾಯದ ದುಡ್ಡಿನಿಂದ ಕಡಿಮೆ ಬಾಡಿಗೆಯ ಮನೆ ಕಟ್ಟಿಸುವ ಬಗ್ಗೆ ಒಂದು ಕೋರಿಕೆ ಇದೆ. ಅದನ್ನು ಹೇಳುವ ಮೊದಲು ನಮ್ಮ ಮನೆಗೆ ಅಡುಗೆಗೆ ಬರುವ ಹೆಣ್ಣುಮಗಳ ವಿಷಯ ಹೇಳಬೇಕು.

ಆಕೆ ಹದಿನಾಲ್ಕು ವರ್ಷದಿಂದ ಬರುತ್ತಿದ್ದಾಳೆ. ಮೊದಲು ಕೆ.ಜಿ. ಕೊಪ್ಪಲಿನಲ್ಲಿ ಭೋಗ್ಯದ ಮನೆಯಲ್ಲಿದ್ದಳು. 3 ಲಕ್ಷ ಕೊಟ್ಟಿದ್ದಳು. ಒಂದು ಕೋಣೆ, ಅಡುಗೆಮನೆ, ಹೊರಗೆ ಬಚ್ಚಲು. ಬೆಳಿಗ್ಗೆ ಮಗಳನ್ನು ಸ್ಕೂಲಿಗೆ ಬಿಟ್ಟು ನಡೆದುಕೊಂಡೇ ನಮ್ಮ ಮನೆಗೆ ಬರುತ್ತಿದ್ದಳು. ಹೋದ ವರ್ಷ ಮನೆ ಮಾಲೀಕರು ಅದನ್ನು ಕೆಡವಿ ಪಿ.ಜಿ. ಕಟ್ಟುತ್ತೇವೆ ಅಂದರು. ಅವರ ಆಸ್ತಿ, ಅವರಿಷ್ಟ, ತಪ್ಪು ಹೇಳಲಾರೆ. ಆದರೆ ಭೋಗ್ಯದ ದುಡ್ಡು ಒಂದೇ ಸಲ ವಾಪಸ್ ಬರಲಿಲ್ಲ, ಮೂರು ಕಂತಾಯಿತು. ಅಷ್ಟರಲ್ಲಿ ಅದೇ ಬೀದಿಯಲ್ಲಿ ಅಷ್ಟೇ ದೊಡ್ಡ ಮನೆಗೆ 7 ಲಕ್ಷ ಕೇಳುತ್ತಿದ್ದರು. ಆಕೆ ಈಗ ಎಚ್.ಡಿ. ಕೋಟೆ ರಸ್ತೆಯಲ್ಲಿ ಜಯಪುರದ ಹತ್ತಿರ ಇದ್ದಾಳೆ. ಶಕ್ತಿ ಯೋಜನೆಯಿಂದ ಬಸ್ಸಿಗೆ ದುಡ್ಡು ಕೊಡಬೇಕಾಗಿಲ್ಲ, ಅದೊಂದು ನಿಜವಾದ ಉಪಕಾರ. ಆದರೆ ಬೆಳಿಗ್ಗೆ ಐದಕ್ಕೆ ಎದ್ದು ಆರೂವರೆಯ ಬಸ್ ಹಿಡಿದರೆ ಮಗಳು ಒಬ್ಬಳೇ ಎದ್ದು, ಒಬ್ಬಳೇ ತಿಂದು, ಒಬ್ಬಳೇ ಹೊರಡಬೇಕು. ಆ ಹುಡುಗಿಗೆ ಹನ್ನೊಂದು ವರ್ಷ.

ಒಂದು ದಿನ ಆಕೆ ಸ್ಟೀಲ್ ಡಬ್ಬಿಯಲ್ಲಿ ಮಡಚಿ ಇಟ್ಟಿದ್ದ ಹಳೆಯ ಕರಾರು ಪತ್ರ ತಂದು ತೋರಿಸಿದಳು. ಬಾಂಡ್ ಪೇಪರಿನ ಮೇಲೆ ಟೈಪ್ ಮಾಡಿಸಿದ್ದು. ಹಿಂಬದಿಯಲ್ಲಿ ಬಾಲ್‌ಪೆನ್ನಲ್ಲಿ ಮೂರು ತಾರೀಕು, ಮೂರು ಮೊತ್ತ, ಮೂರು ಸಹಿ. "ಟೀಚರಮ್ಮ, ಎಲ್ಲಾ ಬಂತು ಅಲ್ವಾ? ಸರಿ ನೋಡಿ" ಅಂದಳು. ಮೊತ್ತ ಸರಿಯಾಗಿತ್ತು. ಮನೆ ಮಾತ್ರ ಇರಲಿಲ್ಲ.

ಆ ಕಾಗದ ಕೈಯಲ್ಲಿ ಹಿಡಿದಾಗ ನನಗೊಂದು ವಿಷಯ ಹೊಳೆಯಿತು. ಭೋಗ್ಯ ಅಂದರೆ ಏನು? ಬಡವರು ಮನೆ ಇರುವವರಿಗೆ ಸಾಲ ಕೊಡುವುದು. ಬಡ್ಡಿಯ ಬದಲು ಇರಲು ಜಾಗ. ಅವಧಿ ಮುಗಿದ ಮೇಲೆ ಅಸಲು ವಾಪಸ್. ಈ ಲೆಕ್ಕ ನಮ್ಮೂರಿನ ಎಲ್ಲರಿಗೂ ಬಾಯಿಪಾಠ. ಹಾಗಿದ್ದರೆ ಇದನ್ನೇ ತಿರುವಿ ಹಾಕಿ ನೋಡಿದರೆ? ದುಡ್ಡಿರುವ ನಾವು ನೂರಾರು ಜನ ಸೇರಿ ಸಾಲ ಕೊಡೋಣ. ಅದರಲ್ಲಿ ಕಡಿಮೆ ಬಾಡಿಗೆಯ ಮನೆಗಳು ಏಳಲಿ. ಬಾಡಿಗೆಯಿಂದ ನಮಗೆ ಬಡ್ಡಿ ಬರಲಿ, ಅವಧಿ ಮುಗಿದ ಮೇಲೆ ಅಸಲು ಬರಲಿ. ಬೇರೆ ದೇಶಗಳಲ್ಲಿ ಇದಕ್ಕೆ ಸಮುದಾಯ ಬಾಂಡ್ ಅನ್ನುತ್ತಾರೆ.

ಕೆನಡಾದ ಟೊರಾಂಟೊದಲ್ಲಿ ಸೆಂಟರ್ ಫಾರ್ ಸೋಷಿಯಲ್ ಇನೋವೇಶನ್ ಅನ್ನುವ ಲಾಭರಹಿತ ಸಂಸ್ಥೆ ಇದೆ. 2010ರಲ್ಲಿ ಅದು ಒಂದು ಹಳೆಯ ಕಟ್ಟಡ ಕೊಳ್ಳಲು ಸಮುದಾಯ ಬಾಂಡ್ ಮೂಲಕ 20 ಲಕ್ಷ ಡಾಲರ್ ಕೂಡಿಸಿತು. ದೊಡ್ಡ ಬ್ಯಾಂಕ್ ಸಾಲಕ್ಕೆ ಅಲ್ಲಿನ ನಗರಾಡಳಿತ ಗ್ಯಾರಂಟಿ ನಿಂತಿತು. 2014ರಲ್ಲಿ ಇನ್ನೊಂದು ಕಟ್ಟಡಕ್ಕೆ ಮತ್ತೆ 43 ಲಕ್ಷ ಡಾಲರ್ ಕೂಡಿತು. ನನ್ನ ಗಮನ ಹೋಗಿದ್ದು ಮೊತ್ತದ ಕಡೆಗಲ್ಲ, ಆ ಗ್ಯಾರಂಟಿಯ ಕಡೆಗೆ. ಊರಿನ ಆಡಳಿತ ಹಿಂದೆ ನಿಂತಿತು, ಜನ ಮುಂದೆ ಬಂದರು.

ದುಡ್ಡು ಎಲ್ಲಿದೆ ಅಂತ ನೀವು ಕೇಳಬಹುದು. ಮೈಸೂರನ್ನು ಪಿಂಚಣಿದಾರರ ಸ್ವರ್ಗ ಅಂತ ಕರೆಯುವುದು ಸುಮ್ನೆ ಅಲ್ಲ. ನನ್ನ ಬೀದಿಯಲ್ಲೇ ಹತ್ತು ಮನೆಯಲ್ಲಿ ಏಳು ಮನೆಯವರು ನಿವೃತ್ತರು. ನಮ್ಮ ಉಳಿತಾಯವೆಲ್ಲ ಎಫ್‌ಡಿಯಲ್ಲಿದೆ. 1913ರಲ್ಲಿ ನಾಲ್ವಡಿಯವರ ಆಶ್ರಯದಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಮೈಸೂರು ಬ್ಯಾಂಕ್ ಹುಟ್ಟಿತು. ಸಂಸ್ಥಾನದ ದುಡ್ಡು ಸಂಸ್ಥಾನದ ಕೆಲಸಕ್ಕೆ ಬರಲಿ ಅನ್ನುವ ಆಸೆ ಅದರ ಹಿಂದೆ ಇತ್ತು. 2017ರಲ್ಲಿ ಆ ಬ್ಯಾಂಕು ಸ್ಟೇಟ್ ಬ್ಯಾಂಕಿನಲ್ಲಿ ಸೇರಿಹೋಯಿತು. ಈಗ ನಾವು ಇಡುವ ದುಡ್ಡು ಯಾವ ಊರಿಗೆ ಹೋಗಿ ಏನಾಗುತ್ತದೆ ಅಂತ ನಮಗೆ ತಿಳಿಯುವುದಿಲ್ಲ. ಬಡ್ಡಿ ಸ್ವಲ್ಪ ಕಡಿಮೆಯಾದರೂ ಪರವಾಗಿಲ್ಲ, ವಾಕಿಂಗ್ ಹೋಗುವಾಗ "ಇದರಲ್ಲಿ ನನ್ನದೂ ಒಂದಿಷ್ಟಿದೆ" ಅಂತ ತೋರಿಸಬಹುದಾದ ಕಟ್ಟಡ ಇದ್ದರೆ ಅದರಲ್ಲೇ ಇಡುತ್ತೇನೆ ಅನ್ನುವವರು ನಮ್ಮ ಬೀದಿಯಲ್ಲೇ ನಾಲ್ಕು ಜನ ಇದ್ದಾರೆ. ಕೇಳಿಕೊಂಡೇ ಬರೆಯುತ್ತಿದ್ದೇನೆ.

ಲೆಕ್ಕ ಮಾಡಿ ನೋಡಿದ್ದೇನೆ. ಇದು ನನ್ನ ಅಂದಾಜು, ನಿಮ್ಮ ಎಂಜಿನಿಯರುಗಳು ತಿದ್ದಲಿ. ಪಾಲಿಕೆಯ ಜಾಗ ದೀರ್ಘಾವಧಿ ಗುತ್ತಿಗೆಗೆ ಸಿಗುತ್ತದೆ ಅಂತ ಇಟ್ಟುಕೊಳ್ಳೋಣ. 40 ಮನೆ, ಒಂದಕ್ಕೆ 8 ಲಕ್ಷದಂತೆ 3.2 ಕೋಟಿ. ಸಮುದಾಯ ಭವನಕ್ಕೆ, ಎರಡು ಮಳಿಗೆಗೆ 80 ಲಕ್ಷ. ಒಟ್ಟು 4 ಕೋಟಿ. ಪೂರ್ತಿ ಬಾಂಡಿನಿಂದ ಎತ್ತಿದರೆ ಶೇ. 6ರಂತೆ ವರ್ಷಕ್ಕೆ 24 ಲಕ್ಷ ಬಡ್ಡಿಯೇ ಆಗುತ್ತದೆ. ಮನೆಗೆ ತಿಂಗಳಿಗೆ 4,000 ಬಾಡಿಗೆ ಇಟ್ಟರೆ ಬರುವುದು 19.2 ಲಕ್ಷ. ಬಡ್ಡಿಗೇ ಸಾಲುವುದಿಲ್ಲ. ಬರೀ ಬಾಂಡಿನಿಂದ ಬಡವರ ಮನೆ ಏಳುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಅರ್ಧ ದುಡ್ಡು ಅನುದಾನದಿಂದ ಬಂದರೆ ಲೆಕ್ಕ ಬೇರೆಯೇ ಆಗುತ್ತದೆ. ಬಾಂಡ್ 2 ಕೋಟಿ, ಬಡ್ಡಿ 12 ಲಕ್ಷ. ಬಾಡಿಗೆ 19.2 ಲಕ್ಷದ ಜೊತೆಗೆ ಭವನ, ಮಳಿಗೆಗಳಿಂದ ವರ್ಷಕ್ಕೆ 4 ಲಕ್ಷ. ರಿಪೇರಿ, ನಿರ್ವಹಣೆಗೆ 3 ಲಕ್ಷ ತೆಗೆದಿಟ್ಟರೆ ಬಡ್ಡಿಗೂ ಅಸಲಿಗೂ 20 ಲಕ್ಷದಷ್ಟು ಉಳಿಯುತ್ತದೆ. 15-16 ವರ್ಷದಲ್ಲಿ ಸಾಲ ಪೂರ್ತಿ ತೀರುತ್ತದೆ. ಕೇಂದ್ರ ಸರ್ಕಾರ 2024ರಲ್ಲಿ ಶುರು ಮಾಡಿದ ಪ್ರಧಾನಮಂತ್ರಿ ನಗರ ಆವಾಸ್ ಯೋಜನೆ 2.0ರಲ್ಲಿ ಬಾಡಿಗೆ ಮನೆಗೂ ಒಂದು ಭಾಗ ಇದೆ. ವರ್ಷದ ಆದಾಯ 3 ಲಕ್ಷದ ಒಳಗಿರುವ ಕುಟುಂಬಗಳು ಅದರಲ್ಲಿ ಆರ್ಥಿಕವಾಗಿ ದುರ್ಬಲ ವರ್ಗಕ್ಕೆ ಬರುತ್ತವೆ. ನಮ್ಮ ಅಡುಗೆಯವಳು, ನಿಮ್ಮ ಪೌರಕಾರ್ಮಿಕರಲ್ಲಿ ಹಲವರು, ಅಗರಬತ್ತಿ ಹೊಸೆಯುವ ಹೆಂಗಸರು ಎಲ್ಲ ಅದರೊಳಗೇ ಇದ್ದಾರೆ.

ಮನೆಗಳನ್ನು ಮಾರಬೇಡಿ ಅಂತ ಒತ್ತಿ ಕೇಳುತ್ತೇನೆ. ಮಾರಿದ ಮನೆ ಕೆಲವೇ ವರ್ಷದಲ್ಲಿ ಕೈ ಬದಲಾಗುತ್ತದೆ. ಬಾಡಿಗೆಗೇ ಉಳಿದರೆ ಇಂದು ಒಬ್ಬಳಿಗೆ, ನಾಳೆ ಇನ್ನೊಬ್ಬಳಿಗೆ.

ಭವನ ಯಾಕೆ, ಆ ದುಡ್ಡಿಗೆ ಇನ್ನೂ ಹತ್ತು ಮನೆ ಕಟ್ಟಬಹುದಲ್ಲ ಅಂತ ನನ್ನ ತಮ್ಮ ಕೇಳಿದ. ನಾನು ಹುಟ್ಟಿ ಬೆಳೆದದ್ದು ಅಗ್ರಹಾರದ ಒಂದು ವಠಾರದಲ್ಲಿ. ಏಳು ಮನೆ, ಒಂದು ನಲ್ಲಿ, ಒಂದು ಅಂಗಳ. ಮನೆಯೊಳಗೆ ಕಾಲು ಚಾಚಲು ಜಾಗ ಇರಲಿಲ್ಲ, ಆದರೆ ಜಗಲಿ ಇತ್ತು. ನಾನು ಎಸ್ಸೆಸ್ಸೆಲ್ಸಿಗೆ ಓದಿದ್ದು ಆ ಜಗಲಿಯಲ್ಲಿ. ಅಮ್ಮ ಆಸ್ಪತ್ರೆಯಲ್ಲಿದ್ದಾಗ ನಾವು ಊಟ ಮಾಡಿದ್ದೂ ಅಲ್ಲೇ, ಪಕ್ಕದ ಮನೆಯ ಅತ್ತೆ ಕಲಸಿ ಕೈತುತ್ತು ಹಾಕಿದ್ದು. ಈಗ ಕಟ್ಟುವ ಜಿ ಪ್ಲಸ್ ತ್ರೀ, ಅಂದರೆ ನೆಲದ ಮೇಲೆ ಮೂರು ಮಹಡಿಯ ಮನೆಗಳಲ್ಲಿ ಮೆಟ್ಟಿಲು ಇದೆ, ಜಗಲಿ ಇಲ್ಲ. ನಾಮಕರಣಕ್ಕೂ ರಸ್ತೆಗೆ ಅಡ್ಡ ಶಾಮಿಯಾನ ಹಾಕುತ್ತಾರೆ. ಸ್ತ್ರೀಶಕ್ತಿ ಸಂಘದವರು ದೇವಸ್ಥಾನದ ಕಟ್ಟೆಯ ಮೇಲೆ ಕೂತು, ಬೀದಿದೀಪದ ಬೆಳಕಲ್ಲಿ ಲೆಕ್ಕದ ಪುಸ್ತಕ ಬರೆಯುತ್ತಾರೆ. ಒಂದು ಸಣ್ಣ ಹಾಲ್, ಒಂದು ಓದುವ ಕೋಣೆ, ಕೆಲಸಕ್ಕೆ ಹೋಗುವ ತಾಯಂದಿರು ಮಕ್ಕಳನ್ನು ಬಿಟ್ಟು ಹೋಗಲು ಒಂದು ಜಾಗ ಇದ್ದರೆ ಆ ಹನ್ನೊಂದು ವರ್ಷದ ಹುಡುಗಿ ಬೆಳಗಿನ ಹೊತ್ತು ಒಬ್ಬಳೇ ಇರಬೇಕಾಗಿರಲಿಲ್ಲ. ಜೊತೆಗೆ ಭವನದ ಬಾಡಿಗೆ ಬಾಂಡಿನ ಬಡ್ಡಿಗೂ ಆಗುತ್ತದೆ.

ಇನ್ನು ಭಯದ ಮಾತು. ನಮ್ಮ ಯಜಮಾನರು ಸೈಟಿಗೆ ಅಂತ ಒಂದು ಸಂಘಕ್ಕೆ ದುಡ್ಡು ಕಟ್ಟಿ ಹನ್ನೊಂದು ವರ್ಷ ಕಾದರು. ಸೈಟು ಬರಲಿಲ್ಲ. ಅಸಲು ಬಂತು, ಅದು ಬರುವ ಹೊತ್ತಿಗೆ ಅವರೇ ಇರಲಿಲ್ಲ. ಇಂಥ ಕಥೆ ಈ ಊರಿನ ಎಷ್ಟೋ ಮನೆಯಲ್ಲಿದೆ. ಹಾಗಾಗಿ ಯಾರೋ ನಾಲ್ಕು ಜನ ಒಳ್ಳೆಯವರು ಸೇರಿ ಟ್ರಸ್ಟ್ ಮಾಡಿ ಬಾಂಡ್ ಕೊಡುತ್ತೇವೆ ಅಂದರೆ ನಾನೇ ಕೊಡುವುದಿಲ್ಲ. ಕಾನೂನೂ ಬಿಡುವುದಿಲ್ಲ, ಬಿಡಲೂಬಾರದು. ಅನಿಯಂತ್ರಿತ ಠೇವಣಿ ಯೋಜನೆಗಳನ್ನು ತಡೆಯಲು 2019ರಲ್ಲಿ ಕಾಯ್ದೆಯೇ ಬಂದಿದೆ. ಅದಕ್ಕೇ ಈ ಪತ್ರ ನಿಮಗೆ.

ಪಾಲಿಕೆಗಳು ಬಾಂಡ್ ಹೊರಡಿಸುವುದು ಹೊಸದಲ್ಲ. 1997ರಲ್ಲೇ ಬೆಂಗಳೂರು ಪಾಲಿಕೆ 125 ಕೋಟಿಯ ಬಾಂಡ್ ತಂದಿತ್ತು. 2015ರಲ್ಲಿ ಷೇರುಪೇಟೆಯನ್ನು ನಿಯಂತ್ರಿಸುವ ಸೆಬಿ ಇದಕ್ಕೆಂದೇ ನಿಯಮ ಮಾಡಿತು. 2023ರಲ್ಲಿ ಇಂದೋರ್ ಪಾಲಿಕೆ ಜನಸಾಮಾನ್ಯರಿಗೂ ತೆರೆದ ಬಾಂಡಿನಿಂದ 244 ಕೋಟಿ ಎತ್ತಿತು. ನರ್ಮದೆಯ ನೀರನ್ನು ಪಂಪ್ ಮಾಡಲು ಬೇಕಾದ ಸೋಲಾರ್ ಘಟಕಕ್ಕೆ ಅದು. ನಮ್ಮದು ಎರಡು ಕೋಟಿಯ ಮಾತು, ಅಷ್ಟಕ್ಕೆ ಸಾಲ ತೀರಿಸುವ ಶಕ್ತಿಯನ್ನು ಅಳೆಸುವ ರೇಟಿಂಗು, ಷೇರುಪೇಟೆಯಲ್ಲಿ ಸೇರಿಸುವ ಲಿಸ್ಟಿಂಗು ಅಂದರೆ ಖರ್ಚೇ ಜಾಸ್ತಿ ಆಗುತ್ತದೆ, ಗೊತ್ತು. ಅದಕ್ಕೂ ನಮ್ಮ ರಾಜ್ಯದಲ್ಲೇ ದಾರಿ ಸಿಕ್ಕಿದೆ. 2005ರಲ್ಲಿ ಬೆಂಗಳೂರಿನ ಸುತ್ತಲಿನ 8 ಪಟ್ಟಣಗಳು ಕುಡಿಯುವ ನೀರಿಗಾಗಿ ಒಟ್ಟಾಗಿ 100 ಕೋಟಿಯ ಬಾಂಡ್ ತಂದವು. ಮೈಸೂರಿನ ಜೊತೆ ಮಂಡ್ಯ, ನಂಜನಗೂಡು, ಹುಣಸೂರು ಸೇರಿದರೆ ಇಂಥ ಹತ್ತಾರು ವಠಾರಗಳಿಗೆ ಒಂದೇ ಬಾಂಡ್ ಸಾಕಾಗುತ್ತದೆ. ಅದು ತಡವಾಗುತ್ತದೆ ಅನ್ನಿಸಿದರೆ ಸಹಕಾರ ಸಂಘದ ದಾರಿ ಇದೆ. ಸದಸ್ಯರಿಂದ ಠೇವಣಿ ಪಡೆಯಲು ಸಂಘಕ್ಕೆ ಅವಕಾಶ ಇದೆ, ಜಾಗ ಪಾಲಿಕೆಯದ್ದಾಗಿಯೇ ಇರಲಿ.

ಯಾವ ದಾರಿ ಹಿಡಿದರೂ ಮೂರು ಮಾತು ನಡೆಸಿಕೊಡಿ. ಬಾಡಿಗೆ ದುಡ್ಡು ಬೇರೆ ಖಾತೆಗೆ ಹೋಗಲಿ, ಅದರಿಂದ ಬಡ್ಡಿ ಬಿಟ್ಟು ಬೇರೆ ಯಾವುದಕ್ಕೂ ಮೊದಲು ಕೈ ಹಾಕಬಾರದು. ಪ್ರತಿ ಮೂರು ತಿಂಗಳಿಗೆ ಆ ಖಾತೆಯ ಲೆಕ್ಕ ಭವನದ ಗೋಡೆಯ ಮೇಲೆ ಕನ್ನಡದಲ್ಲಿ ಅಂಟಿಸಲಿ. ನಮ್ಮಂಥ ವಯಸ್ಸಾದವರಿಗೆ ಕಾಯಿಲೆ ಕಸಾಲೆ ಬಂದರೆ ಅವಧಿಗೆ ಮೊದಲೇ ದುಡ್ಡು ಬೇಕಾಗುತ್ತದೆ, ಅದಕ್ಕೊಂದು ಸಣ್ಣ ಮೀಸಲು ನಿಧಿ ಇರಲಿ. ಉಳಿದ ಅಸಲನ್ನು ಚೀಟಿ ಎತ್ತಿದ ಹಾಗೆ ವರ್ಷಕ್ಕಿಷ್ಟು ಜನರಿಗೆ ತೀರಿಸುತ್ತಾ ಹೋಗಬಹುದು. ಇದನ್ನು ಈ ಊರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

1903ರಲ್ಲಿ, ಪ್ಲೇಗಿನ ದಿನಗಳ ನಂತರ, ಊರಿನ ಜನ ಗಾಳಿ ಬೆಳಕಿನಲ್ಲಿ ಇರಲಿ ಅಂತ ನಗರ ಸುಧಾರಣಾ ಮಂಡಳಿ ಮಾಡಿದ ಊರು ಇದು. ದೇಶದಲ್ಲೇ ಮೊದಮೊದಲಿನ ಇಂಥ ಮಂಡಳಿಗಳಲ್ಲಿ ಒಂದು ನಮ್ಮದು. ನಾನು ಕೇಳುತ್ತಿರುವುದು ಅದಕ್ಕಿಂತ ತುಂಬಾ ಸಣ್ಣದು. ಪಾಲಿಕೆಗೆ ಸೇರಿದ ಒಂದೇ ಒಂದು ಜಾಗ, ರಿಂಗ್ ರಸ್ತೆಯ ಒಳಗಡೆ, ಬಸ್ಸು ಬರುವ ಕಡೆ. ಅದನ್ನು ಗುರುತಿಸಿ. ಲೆಕ್ಕಪತ್ರ ಬಲ್ಲ ಒಬ್ಬ ಅಧಿಕಾರಿಗೆ ಈ ಕೆಲಸ ಒಪ್ಪಿಸಿ. ಆಮೇಲೆ ಒಂದು ಭಾನುವಾರ ಸಭೆ ಕರೆಯಿರಿ. ಪಿಂಚಣಿದಾರರನ್ನೂ ಕರೆಯಿರಿ, ಬಾಡಿಗೆಗೆ ಬರುವವರನ್ನೂ ಕರೆಯಿರಿ, ಇಬ್ಬರೂ ಒಂದೇ ಹಾಲಿನಲ್ಲಿ ಕೂರಲಿ. ನಮ್ಮ ಅಡುಗೆಯವಳು ಬರುತ್ತಾಳೆ, ಕೇಳಿದ್ದೇನೆ. "ಬಾಡಿಗೆ ಎಷ್ಟು ಅಂತ ಮೊದಲೇ ಹೇಳಿಬಿಡಲಿ, ಆಮೇಲೆ ಜಾಸ್ತಿ ಮಾಡಬಾರದು" ಅನ್ನುವುದೊಂದೇ ಆಕೆಯ ಷರತ್ತು.

ನನ್ನ 2 ಲಕ್ಷದ ಒಂದು ಎಫ್‌ಡಿ ಬರುವ ಮಾರ್ಚ್‌ನಲ್ಲಿ ಮುಗಿಯುತ್ತದೆ. ಬ್ಯಾಂಕಿನವರು ತಾನಾಗಿಯೇ ಮುಂದುವರಿಯುತ್ತದೆ ಅಂದಿದ್ದರು. ಬೇಡ ಅಂತ ಬರೆದುಕೊಟ್ಟು ಬಂದಿದ್ದೇನೆ. ನಿಮ್ಮ ಉತ್ತರಕ್ಕೆ ಕಾಯುತ್ತೇನೆ.

ಇಂತಿ,
ಕುವೆಂಪುನಗರದ ಒಬ್ಬ ನಿವೃತ್ತ ಶಿಕ್ಷಕಿ
ಮೈಸೂರು