ಗುಲ್ಮಾರ್ಗಿನ ಹಿಮ ಬೇರೆ, ಇಲ್ಲಿಯದು ಬೇರೆ

ಇನ್ಸ್‌ಬ್ರುಕ್, ಆಸ್ಟ್ರಿಯಾ
ಜನವರಿ 11

ಪ್ರೀತಿಯ ಚಿನ್ನು,

ಫೆಬ್ರವರಿಗೆ ನೀನೂ ಶ್ವೇತಾಳೂ ಇಲ್ಲಿಗೆ ಹಿಮದಲ್ಲಿ ಸ್ಕೀ ಮಾಡಲು ಬರುವುದು ಗಟ್ಟಿಯಾಯಿತೆಂದು ಅಪ್ಪ ಹೇಳಿದರು. ವಾರಪೂರ್ತಿ ಒಂದೇ ಬೆಟ್ಟದಲ್ಲಿ ಹತ್ತಿ ಇಳಿಯುವ ಯೋಚನೆಯಿದ್ದರೆ ಬಿಟ್ಟುಬಿಡು.

ಗುಲ್ಮಾರ್ಗಿನಲ್ಲಿ ನಿನಗೆ ರೂಢಿಯಾಗಿರುವುದು ಆಳವಾದ ಪುಡಿಹಿಮ. ಅಲ್ಲಿ ಎರಡೂ ಕಾಲಿಗೆ ಸಮ ಭಾರ ಹಾಕಬೇಕು. ಇಲ್ಲಿ ರಾತ್ರಿ ಯಂತ್ರ ಓಡಿಸಿ ಒತ್ತಿದ ಹಿಮ ಬೆಳಗ್ಗೆ ಕಲ್ಲಿನಂತಿರುತ್ತದೆ. ತಿರುವಿನಲ್ಲಿ ಹೊರಗಾಲಿಗೆ ಭಾರ ಕೊಟ್ಟು ಸ್ಕೀಯ ಅಂಚು ಕಚ್ಚಿಸದಿದ್ದರೆ ಪಕ್ಕಕ್ಕೆ ಜಾರಿಕೊಂಡೇ ಹೋಗುತ್ತೀಯ. ಮೊದಲ ದಿನ ಊರಿನ ಪಕ್ಕದ ಪಾಟ್ಷರ್‌ಕೋಫೆಲ್ ಬೆಟ್ಟಕ್ಕೆ ಹೋಗಿ. 1976ರ ಒಲಿಂಪಿಕ್ಸ್‌ನಲ್ಲಿ ಆಸ್ಟ್ರಿಯಾದ ಫ್ರಾನ್ಸ್ ಕ್ಲಾಮರ್ ಡೌನ್‌ಹಿಲ್, ಅಂದರೆ ಇಳಿಜಾರಿನ ವೇಗದ ಓಟ, ಗೆದ್ದದ್ದು ಅಲ್ಲೇ. ನೀಲಿ ಹಾದಿ ಸುಲಭ, ಕೆಂಪು ಮಧ್ಯಮ, ಕಪ್ಪು ಕಷ್ಟ. ನೀಲಿಯಿಂದ ಶುರು ಮಾಡು, ಅದರಲ್ಲಿ ನಾಚಿಕೆಯೇನಿಲ್ಲ.

ಬಾಡಿಗೆ ಅಂಗಡಿಯಲ್ಲಿ ತೂಕ, ಎತ್ತರ, ವಯಸ್ಸು ಸರಿಯಾಗಿ ಹೇಳು. ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ಎಷ್ಟು ಬಲಕ್ಕೆ ಬಿಚ್ಚಿಕೊಳ್ಳಬೇಕೆಂದು ಲೆಕ್ಕ ಹಾಕುವುದು ಇವುಗಳಿಂದ, ಜೊತೆಗೆ ಬೂಟಿನ ತಳದ ಉದ್ದದಿಂದ. ಜೋರಾಗಿ ಸ್ಕೀ ಮಾಡುತ್ತೇನೆಂದು ಬಡಾಯಿ ಕೊಚ್ಚಿದರೆ ಅದನ್ನು ಬಿಗಿ ಮಾಡಿಬಿಡುತ್ತಾರೆ. ಬಿದ್ದಾಗ ಬಿಚ್ಚದೆ ಮಂಡಿ ತಿರುಚುತ್ತದೆ.

ಎರಡೂ ಕಾಲು ಒಂದೇ ಹಲಗೆಗೆ ಕಟ್ಟುವ ಶ್ವೇತಾಳ ಸ್ನೋಬೋರ್ಡಿಗೆ ನಿಜವಾದ ಪರೀಕ್ಷೆ ಟಿ-ಬಾರ್, ಅಂದರೆ ಹಗ್ಗಕ್ಕೆ ತೂಗುವ ಅಡ್ಡಪಟ್ಟಿಯಿಂದ ನಮ್ಮನ್ನು ಹಿಮದ ಮೇಲೇ ಬೆಟ್ಟಕ್ಕೆ ಎಳೆಯುವ ಲಿಫ್ಟ್. ಮುಂಗಾಲು ಮಾತ್ರ ಕಟ್ಟಿಕೊಳ್ಳಬೇಕು. ಹಿಂಗಾಲನ್ನು ಹಿಂದಿನ ಬೈಂಡಿಂಗಿಗೆ ಒತ್ತಿ ಇಡಬೇಕು. ಅಡ್ಡಪಟ್ಟಿಯ ಒಂದು ತುದಿ ಮುಂದೊಡೆಯ ಹಿಂದೆ ಸಿಕ್ಕಿಕೊಳ್ಳಬೇಕು. ಕುರ್ಚಿಯೆಂದು ಅದರ ಮೇಲೆ ಕೂತರೆ ಹಗ್ಗ ಉದ್ದವಾಗಿ ಅಂಡೂರಿ ಬೀಳುವುದೇ. ಬಿದ್ದರೆ ತಕ್ಷಣ ಪಟ್ಟಿ ಬಿಟ್ಟು ಪಕ್ಕಕ್ಕೆ ಉರುಳಬೇಕು, ಹಿಂದೆಯೇ ಇನ್ನೊಬ್ಬರು ಬರುತ್ತಿರುತ್ತಾರೆ. ಸಪಾಟು ಹಾದಿ ಕಂಡರೆ ಮೊದಲೇ ವೇಗ ಹಿಡಿದಿರಲಿ. ಅವಳ ಕೈಯಲ್ಲಿ ಕೋಲಿಲ್ಲ, ನಿಂತರೆ ನಡೆದೇ ಹೋಗಬೇಕು.

ಒಂದು ದಿನ ಹತ್ತಿರದ ಝೀಫೆಲ್ಡ್ ಊರಿಗೆ, ಕ್ರಾಸ್ ಕಂಟ್ರಿಗೆ, ಅಂದರೆ ಲಿಫ್ಟ್ ಇಲ್ಲದೆ ಸ್ವಂತ ಬಲದಲ್ಲಿ ಸಾಗುವ ಸ್ಕೀಗೆ. ಇದನ್ನು ಮುದುಕರ ಆಟ ಅಂದುಕೊಳ್ಳಬೇಡ, ಉಸಿರು ಕಟ್ಟಿಸುತ್ತದೆ. ಸ್ಕೀ ಸಪೂರ, ಹಿಮ್ಮಡಿಯನ್ನು ಸ್ಕೀಗೆ ಕಟ್ಟಿರುವುದಿಲ್ಲ, ಹಿಮದಲ್ಲಿ ಕೊರೆದ ಎರಡು ಹಳಿಗಳ ಮೇಲೆ ಸಾಗಬೇಕು. ಸ್ಕೀಯಲ್ಲಿ ಪಾದದಡಿಯ ಭಾಗ ಬಿಲ್ಲಿನಂತೆ ಮೇಲೆದ್ದಿರುತ್ತದೆ. ಹಿಡಿತ ಕೊಡುವ ಪಟ್ಟಿ ಇರುವುದೂ ಅಲ್ಲೇ. ಪೂರ್ತಿ ಭಾರ ಒಂದೇ ಕಾಲಿಗೆ ಬಂದಾಗ ಮಾತ್ರ ಅದು ಹಿಮಕ್ಕೆ ತಾಗಿ ಕಚ್ಚುತ್ತದೆ. ಇಳಿಜಾರಿನ ರೂಢಿಯವರು ಭಾರವನ್ನು ಎರಡೂ ಕಾಲಿಗೆ ಹಂಚುತ್ತಾರೆ, ಹಿಂದಕ್ಕೆ ಜಾರುತ್ತಾರೆ, ಆಮೇಲೆ ಸ್ಕೀಗೆ ಬೈಯುತ್ತಾರೆ! ದಪ್ಪ ಜಾಕೆಟ್ ಬೇಡ, ಬೆವರಿ ಒದ್ದೆಯಾದರೆ ನಿಂತ ಕೂಡಲೇ ಚಳಿ ಹಿಡಿಯುತ್ತದೆ.

ಟೂರಿಂಗ್ ಸ್ಕೀ, ಅಂದರೆ ಸ್ಕೀ ಹಾಕಿಕೊಂಡೇ ಬೆಟ್ಟ ಹತ್ತುವ ಆಸೆಯಿದ್ದರೆ ಗುರುತು ಹಾಕಿದ ಹಾದಿಯಲ್ಲೇ ಹತ್ತು. ಸ್ಕೀಯ ತಳಕ್ಕೆ ಅಂಟಿಸುವ ಸ್ಕಿನ್ ಎಂಬ ಪಟ್ಟಿಯ ಕೂದಲು ಹಿಂದಕ್ಕೆ ಬಾಗಿರುತ್ತದೆ, ಹಾಗಾಗಿ ಮುಂದಕ್ಕೆ ಜಾರುತ್ತದೆ, ಹಿಂದಕ್ಕಿಲ್ಲ. ಕಾಲೆತ್ತಬೇಡ, ನೆಲದ ಮೇಲೇ ತಳ್ಳು. ಬಿಚ್ಚಿದ ಸ್ಕಿನ್ ಜಾಕೆಟ್‌ ಒಳಗಿರಲಿ. ತಣ್ಣಗಾದರೆ, ಗೋಂದಿಗೆ ಹಿಮ ಮೆತ್ತಿದರೆ ಮತ್ತೆ ಅಂಟುವುದಿಲ್ಲ.

ಹಾದಿಯಾಚೆಯ ಪುಡಿಹಿಮ ಗೈಡ್ ಇಲ್ಲದೆ ಬೇಡವೇ ಬೇಡ. ಹಿಮದಡಿ ಹೂತವರನ್ನು ಸಂಕೇತದಿಂದ ಪತ್ತೆ ಮಾಡುವ ಟ್ರಾನ್ಸೀವರ್, ಹಿಮಕ್ಕೆ ಚುಚ್ಚಿ ಹುಡುಕುವ ಉದ್ದ ಕೋಲು ಪ್ರೋಬ್, ಸಲಿಕೆ ಮೂರೂ ಪ್ರತಿಯೊಬ್ಬರ ಬಳಿಯೂ ಇರಬೇಕು. ಹಿಮಕುಸಿತದ ಅಪಾಯ 1ರಿಂದ 5ರವರೆಗಿನ ಮಟ್ಟದಲ್ಲಿ ಬರುತ್ತದೆ. 3 ಎಂದರೆ ನಡುವಿನದು ಎಂದು ನಿರಾಳವಾಗಬೇಡ, ಕಡಿದಾದ ಇಳಿಜಾರಿನಲ್ಲಿ ಒಬ್ಬನ ಭಾರಕ್ಕೇ ಹಿಮ ಕಳಚಬಹುದು.

ಪ್ರವಾಸದ ವಿಮೆ ಮಾಡಿಸುವಾಗ ಸ್ಕೀ, ಸ್ನೋಬೋರ್ಡ್ ಎರಡೂ ಸೇರಿವೆಯೇ, ಹೆಲಿಕಾಪ್ಟರ್ ರಕ್ಷಣೆಯ ಖರ್ಚು ಕೊಡುತ್ತಾರೆಯೇ ಎಂದು ಬರಹದಲ್ಲೇ ಕೇಳು. ಪಾಲಿಸಿಯ ಪ್ರತಿ ನನಗೂ ಕಳಿಸು. ಅಪ್ಪ ಅಮ್ಮನಿಗೆ ನಮಸ್ಕಾರ ತಿಳಿಸು.

ನಿನ್ನ,
ಅಕ್ಕ