ಗೋಡೆಯ ಮೇಲೆ ಬಣ್ಣ ಹಚ್ಚುವ ಮುನ್ನ

ಬದಿಯಡ್ಕ, ಕಾಸರಗೋಡು

ಚಿರಂಜೀವಿ ಅನುಪಮಾಳಿಗೆ ದೊಡ್ಡಪ್ಪನ ಆಶೀರ್ವಾದಗಳು. ಇಲ್ಲಿ ನಾವೆಲ್ಲರೂ ಕ್ಷೇಮ.

ಕಲಾಶಾಲೆಯ ಕೊನೆಯ ವರ್ಷದ ಕೆಲಸವಾಗಿ ಕುಂಬಳೆ ಪೇಟೆಯಲ್ಲಿ ದೊಡ್ಡದೊಂದು ಗೋಡೆಚಿತ್ರ ಮಾಡಬೇಕೆಂದು ನೀನು ಬರೆದ ವಿವರವನ್ನು ಗಮನವಿಟ್ಟು ಓದಿದೆ. 1956ರಲ್ಲಿ ಕೇರಳದ ಪಾಲಾದ ಕನ್ನಡಿಗರು, ಮುಂಬಯಿಯ ಹೋಟೆಲುಗಳಿಗೂ ಕೊಲ್ಲಿ ರಾಷ್ಟ್ರಗಳಿಗೂ ದುಡಿಯಲು ಹೋದವರು, ಈಗ ಬಂಗಾಳ, ಅಸ್ಸಾಂ, ಒಡಿಶಾಗಳಿಂದ ನಮ್ಮೂರಿಗೆ ಬಂದಿರುವ ಕಾರ್ಮಿಕರು, ಇವರೆಲ್ಲರನ್ನೂ ‘ನೆಲೆ ತಪ್ಪಿದವರು’ ಎಂಬ ಒಂದೇ ಹೆಸರಿನಡಿ ತರುವ ಆಸೆ ನಿನ್ನದು. ಅದು ಒಳ್ಳೆಯ ಮನಸ್ಸಿನಿಂದ ಹುಟ್ಟಿದ ಆಸೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಈ ಮೂರು ಬಗೆಯ ಬದುಕು ಒಂದೇ ಅಲ್ಲ. ಅವನ್ನು ಬೆರೆಸಿ ಒಂದೇ ನೋವಾಗಿ ಮಾಡಬೇಡ ಎಂದು ಹೇಳುವುದಕ್ಕಾಗಿಯೇ ಈ ಪತ್ರ.

ನಮ್ಮ ಹಿರಿಯರು ಊರು ಬಿಟ್ಟವರಲ್ಲ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯಿಂದ ಬೇರೆಯಾಯಿತು. ಮನೆ, ಅಡಿಕೆ ತೋಟ, ದೈವಸ್ಥಾನ ಎಲ್ಲವೂ ಇದ್ದಲ್ಲಿಯೇ ಇದ್ದು, ಕಚೇರಿಯ ಭಾಷೆ ಮಾತ್ರ ಬದಲಾಗುತ್ತ ಬಂತು. ಚಂದ್ರಗಿರಿ ಹೊಳೆಯ ಉತ್ತರದ ಭಾಗವು ಮೈಸೂರು ರಾಜ್ಯಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿತು. ಅದು ಜಾರಿಗೆ ಬರಲಿಲ್ಲ. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಕನ್ನಡ ರಾಜ್ಯಕ್ಕೆ ಸೇರುವ ಹಂಬಲವನ್ನು ನೂರರ ಇಳಿವಯಸ್ಸಿನವರೆಗೂ ಬಿಡಲಿಲ್ಲ. ಈ ನೋವು ನಿಜವಾದದ್ದು, ನೀನು ಅದನ್ನು ಬರೆಯಲೇಬೇಕು. ಆದರೆ ಅದರ ಪಕ್ಕದಲ್ಲಿಯೇ 2020ರ ಮಾರ್ಚ್ ತಿಂಗಳನ್ನೂ ಬರೆ. ಸಾಂಕ್ರಾಮಿಕದ ಭಯದಿಂದ ಕರ್ನಾಟಕವು ಗಡಿಯ ತಲಪಾಡಿಯಲ್ಲಿ ದಾರಿ ತಡೆದು, ಗಡಿಯ ಒಳರಸ್ತೆಗಳಿಗೆ ಮಣ್ಣು ಸುರಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮ ಜಿಲ್ಲೆಯ ರೋಗಿಗಳು ಗಡಿಯಲ್ಲೇ ನಿಲ್ಲಬೇಕಾಯಿತು, ಕೆಲವರು ಚಿಕಿತ್ಸೆ ಸಿಗದೆ ತೀರಿಕೊಂಡರು, ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಯಾವ ಕಡೆಗೆ ಸೇರಬೇಕೆಂದು ನಾವು ದಶಕಗಳ ಕಾಲ ಕೇಳಿದೆವೋ ಆ ಕಡೆಯಿಂದಲೇ ಬಾಗಿಲು ಮುಚ್ಚಿದ ಆ ದಿನಗಳನ್ನು ಬಿಟ್ಟು ‘ನಾವು ಯಾರು’ ಎಂದು ಕೇಳಿದರೆ ಉತ್ತರ ಅರ್ಧವೇ ಆಗುತ್ತದೆ.

ಮುಂಬಯಿಗೋ ದುಬಾಯಿಗೋ ಹೋದವರ ಮಾತು ಬೇರೆ. ಅವರಿಗೆ ಹಿಂದಿರುಗಲು ಒಂದು ಮನೆಯಿತ್ತು, ಹಣ ಕಳುಹಿಸಲು ಒಂದು ವಿಳಾಸವಿತ್ತು. ನಮ್ಮ ಅನೇಕ ಮನೆಗಳ ಹೆಂಚು ಹೋಗಿ ತಾರಸಿ ಬಂದದ್ದು ಅದೇ ಹಣದಿಂದ. ಆ ಭಾಗವನ್ನು ನೀನು ಸುಲಭವಾಗಿ ಮಾಡಬಲ್ಲೆ, ಏಕೆಂದರೆ ಅದರ ಪತ್ರಗಳೂ ಫೋಟೋಗಳೂ ನಮ್ಮ ಮನೆಯಲ್ಲಿಯೇ ಇವೆ.

ಕಷ್ಟವಿರುವುದು ಮೂರನೆಯದರಲ್ಲಿ. ಕೆಂಪುಕಲ್ಲಿನ ಕೋರೆಯಲ್ಲಿ, ಕಾಂಕ್ರೀಟು ಕೆಲಸದಲ್ಲಿ, ತೋಟದಲ್ಲಿ ದುಡಿಯುವ ಅಸ್ಸಾಮಿನವನನ್ನೂ ಬಿಹಾರದವನನ್ನೂ ನಮ್ಮ ಪೇಟೆ ‘ಬಂಗಾಳಿ’ ಎಂಬ ಒಂದೇ ಮಾತಿನಲ್ಲಿ ಮುಗಿಸುತ್ತದೆ. ಭಾಷೆಯ ವಿಷಯದಲ್ಲಿ ಇಷ್ಟು ನೊಂದಿರುವ ನಾವು ಅವರ ಭಾಷೆ ಯಾವುದೆಂದು ಕೇಳುವುದಿಲ್ಲ. ಇದನ್ನು ಗೋಡೆಯ ಮೇಲೆ ತೋರಿಸುವ ಧೈರ್ಯ ನಿನಗೆ ಬೇಕು. ಅಮೆರಿಕದ ಜೇಕಬ್ ಲಾರೆನ್ಸ್ ಎಂಬ ಚಿತ್ರಕಾರನ ‘ವಲಸೆ ಸರಣಿ’ಯನ್ನು ನೀನು ಪಾಠದಲ್ಲಿ ನೋಡಿರುತ್ತೀಯೆ. ದಕ್ಷಿಣದ ಹೊಲಗಳನ್ನು ಬಿಟ್ಟು ಉತ್ತರದ ಕೈಗಾರಿಕಾ ನಗರಗಳಿಗೆ ಹೊರಟ ಕಪ್ಪು ಜನರ ಕಥೆಯನ್ನು ಆತ 1940–41ರಲ್ಲಿ 60 ಸಣ್ಣ ಫಲಕಗಳಲ್ಲಿ ಹೇಳಿದ. ವಲಸೆ ಬಂದ ತಂದೆತಾಯಿಯರ ಮಗನಾಗಿದ್ದರೂ ಮನೆಯಲ್ಲಿ ಕೇಳಿದ್ದು ಸಾಕೆಂದುಕೊಳ್ಳದೆ ಗ್ರಂಥಾಲಯದಲ್ಲಿ ಕುಳಿತು ಓದಿದ. ಪ್ರತಿ ಚಿತ್ರಕ್ಕೂ ಸರಳವಾದ ಒಂದು ಅಡಿಬರಹ ಕೊಟ್ಟ. ಹತ್ತಿ ಬೆಳೆಯನ್ನು ತಿಂದ ಕೀಟ, ಗುಂಪುಹತ್ಯೆ, ಕಿಕ್ಕಿರಿದ ವಸತಿ, ಹೀಗೆ ಕಾರಣಗಳನ್ನೆಲ್ಲ ತೋರಿಸಿದ ಆತ, ಮೊದಲೇ ಉತ್ತರಕ್ಕೆ ಬಂದು ನೆಲೆಯೂರಿದ್ದ ತನ್ನದೇ ಜನ ಹೊಸಬರನ್ನು ಕಂಡು ಮೂಗು ಮುರಿದದ್ದನ್ನೂ ಬಿಡಲಿಲ್ಲ. ಆ ಸರಣಿಯಲ್ಲಿ ನನಗೆ ಬಹಳ ದೊಡ್ಡದೆನಿಸುವುದು ಆ ಒಂದು ಫಲಕವೇ.

ಇನ್ನು, ಕಾರ್ಮಿಕರ ಮುಖಗಳನ್ನು ದೂರದಿಂದ ಫೋಟೋ ತೆಗೆದು ಗೋಡೆಗೆ ಇಳಿಸುವ ಯೋಚನೆಯನ್ನು ಬಿಡು. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನಲ್ಲಿ ಕೆಲಸ ಮಾಡುವವಳು ನೀನು; ವೇಷವಿಲ್ಲದೆ ಕುಳಿತು ಮಾತಿನಲ್ಲೇ ಪ್ರಸಂಗ ನಡೆಸುವ ತಾಳಮದ್ದಳೆಯಿಂದ ಕಲಿ. ಅಲ್ಲಿ ಕೌರವನ ಅರ್ಥ ಹೇಳುವವರಿಗೂ ತಮ್ಮ ಪಕ್ಷವನ್ನು ಪೂರ್ತಿಯಾಗಿ ಮಂಡಿಸುವ ಅಧಿಕಾರವಿದೆ, ಎದುರಿನವರು ಏನು ಕೇಳುತ್ತಾರೆಂಬುದು ಮೊದಲೇ ಬರೆದಿಟ್ಟದ್ದಲ್ಲ. ಬ್ರೆಜಿಲಿನ ಅಗಸ್ಟೋ ಬೋಲ್ ಇನ್ನೂ ಮುಂದೆ ಹೋಗಿ, ನೋಡುವವನೇ ಆಟವನ್ನು ನಿಲ್ಲಿಸಿ ರಂಗಕ್ಕೆ ಬಂದು ಕಥೆಯನ್ನು ಬದಲಿಸುವ ನಾಟಕವನ್ನು ರೂಪಿಸಿದ; ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ, 1985ರಲ್ಲಿ ಹುಟ್ಟಿದ ‘ಜನ ಸಂಸ್ಕೃತಿ’ ತಂಡವು ಅದನ್ನು ನಡೆಸಿಕೊಂಡು ಬಂದಿದೆ. ನಿನ್ನ ಗೋಡೆಯ ನಕ್ಷೆಯನ್ನು ಮೊದಲು ಆ ಕಾರ್ಮಿಕರ ಮುಂದಿಡು. ಇದು ಬೇಡ, ಹೀಗಲ್ಲ ಎಂದು ಅವರು ಹೇಳಲಿ, ನೀನು ಅಳಿಸು. ಮುಖ ಕಾಣಿಸಬಾರದೆಂದರೆ ಕಾರಣ ಕೇಳದೆ ಒಪ್ಪಿಕೊ. ಕೆಲವರಿಗೆ ಗುರುತಾಗುವುದೇ ಅಪಾಯವಾಗಬಹುದು. ಒಂದು ದಿನದ ಕೆಲಸ ಬಿಟ್ಟು ಬಂದವರಿಗೆ ಆ ದಿನದ ಕೂಲಿಯನ್ನು ಕೊಡು; ಅದನ್ನು ಗೌರವಧನವೆಂದೋ ಸಹಾಯವೆಂದೋ ಹೇಳಬೇಡ. ಅಡಿಬರಹಗಳು ಕನ್ನಡ, ಮಲಯಾಳಗಳಲ್ಲಿ ಮಾತ್ರವಲ್ಲದೆ ಅವರವರ ಲಿಪಿಯಲ್ಲಿಯೂ ಇರಲಿ, ಅವರ ಕೈಯಿಂದಲೇ ಬರೆಸಲು ಸಾಧ್ಯವಾದರೆ ಇನ್ನೂ ಒಳ್ಳೆಯದು.

ಯಾರೂ ಒಪ್ಪದಿದ್ದರೆ ಆ ಭಾಗವನ್ನು ಕಲ್ಪಿಸಿ ತುಂಬಿಸಬೇಡ, ಗೋಡೆಯನ್ನೇ ಗಿಡ್ಡ ಮಾಡು. ಅಂಕ ಕಡಿಮೆ ಬಂದರೂ ಚಿಂತೆಯಿಲ್ಲ. ರಜೆಯಲ್ಲಿ ಬಂದಾಗ ನಮ್ಮ ತೋಟಕ್ಕೆ ಬರುವ ಇಬ್ಬರನ್ನು ಪರಿಚಯ ಮಾಡಿಸುತ್ತೇನೆ, ಭಾನುವಾರ ಅವರಿಗೆ ಬಿಡುವು. ಆ ಹೊತ್ತಿಗೆ ಗೋಡೆಯ ಯಜಮಾನರ ಒಪ್ಪಿಗೆಯನ್ನು ಲಿಖಿತವಾಗಿ ಪಡೆದಿಟ್ಟುಕೊ.

ಇಂತು ನಿನ್ನ ಶ್ರೇಯಸ್ಸನ್ನು ಬಯಸುವ
ದೊಡ್ಡಪ್ಪ