ಮೊದಲು ಆ ಅಜ್ಜಿಯನ್ನು ನೋಡಿ ಬಾ

ಕಲಬುರಗಿ

ಮಗಳೇ,

ಟಾಂಜಾನಿಯಾದ ಮ್ವಾಂಜಾ ಊರಲ್ಲಿ ನೀವು ಶುರು ಮಾಡುತ್ತಿರುವ ಅನಾಥ ಮಕ್ಕಳ ಮನೆಗೆ ಮಂಚ, ಹಾಸಿಗೆ ಬಂದವು, ಸುಣ್ಣ-ಬಣ್ಣ ಮುಗಿಯಿತು, ಇನ್ನು ಮಕ್ಕಳನ್ನು ಕರೆತರುವುದೊಂದೇ ಬಾಕಿ ಅಂತ ಬರೆದಿದ್ದೀಯ. ಓದಿ ಖುಷಿಯಾಯಿತು. ಮೊದಲು ಬರುವವರು ತಾಯಿ ಇಲ್ಲದ ಅಣ್ಣ-ತಂಗಿ, ಹಳ್ಳಿಯಲ್ಲಿ ಅಜ್ಜಿಯೊಬ್ಬಳಿದ್ದಾಳೆ ಅಂತಲೂ ಬರೆದಿದ್ದೀಯ. ಅಜ್ಜಿ ಇದ್ದಾಳೆ ಅಂದಮೇಲೆ ಮೊದಲು ಆಕೆಯ ಮನೆಗೆ ಹೋಗಿ ಬಾ, ಯವ್ವಾ.

ಇಲ್ಲಿ ಬಾಲಮಂದಿರದಲ್ಲಿ ಗೃಹಮಾತೆಯಾಗಿದ್ದಷ್ಟು ಕಾಲ ನಾನು ಕಂಡದ್ದು ಇದನ್ನೇ. ಯಾರೂ ಇಲ್ಲದ ಮಕ್ಕಳು ಕಡಿಮೆ. ಅಪ್ಪ ತೀರಿಹೋಗಿ, ಅವ್ವ ಮುಂಬೈಗೋ ಪುಣೆಗೋ ಗುಳೆ ಹೋದ ಮಕ್ಕಳೇ ಜಾಸ್ತಿ. ಊಟ, ಶಾಲೆ ಸಿಗುತ್ತದಲ್ಲ ಅಂತ ಬಿಟ್ಟು ಹೋಗುತ್ತಿದ್ದರು. ಹಬ್ಬ ಬಂದರೆ ಆ ಮಕ್ಕಳು ಗೇಟಿನ ಕಡೆಯೇ ನೋಡುತ್ತ ಕೂರುತ್ತಿದ್ದವು. ಎಳ್ಳಮಾವಾಸ್ಯೆಗೆ ಭಜ್ಜಿ, ಕಡುಬು ಮಾಡಿ ಎಷ್ಟು ಬಡಿಸಿದರೂ ಅವರಿಗೆ ಬೇಕಾಗಿದ್ದು ತಮ್ಮ ಹೊಲ, ತಮ್ಮ ಮಂದಿ.

ಇಂಥ ಮಕ್ಕಳ ಆರೈಕೆಗೆ 2009ರಲ್ಲಿ ವಿಶ್ವಸಂಸ್ಥೆ ಒಪ್ಪಿದ ಮಾರ್ಗಸೂಚಿಯಲ್ಲೂ ಇದೇ ಮಾತಿದೆ. ಬಡತನವೊಂದೇ ಕಾರಣಕ್ಕೆ ಮಗುವನ್ನು ಮನೆಯವರಿಂದ ಬಿಡಿಸಬಾರದು. ಮೂರು ವರ್ಷದೊಳಗಿನ ಕೂಸುಗಳಂತೂ ಯಾವುದಾದರೂ ಕುಟುಂಬದಲ್ಲೇ ಬೆಳೆಯಬೇಕು. ನಮ್ಮ 2015ರ ಬಾಲನ್ಯಾಯ ಕಾಯ್ದೆ ಕೂಡ ಸಂಸ್ಥೆಗೆ ಸೇರಿಸುವುದನ್ನು ಕೊನೆಯ ದಾರಿ ಅನ್ನುತ್ತದೆ. ಟಾಂಜಾನಿಯಾದಲ್ಲಿಯೂ 2009ರ ಮಕ್ಕಳ ಕಾಯ್ದೆ ಇದೆ. ಅಲ್ಲಿನ ಸಮಾಜ ಕಲ್ಯಾಣ ಅಧಿಕಾರಿಯನ್ನು ಜೊತೆಗೆ ಕರೆದುಕೊಂಡೇ ಹೋಗು. ತಿಂಗಳಿಗೆ ಇಷ್ಟು ಹಿಟ್ಟು, ಕಾಳು, ಶಾಲೆಯ ಬಟ್ಟೆ ಕೊಟ್ಟರೆ ಮಕ್ಕಳನ್ನು ಇಟ್ಟುಕೊಳ್ಳುತ್ತೀಯಾ ಅಂತ ಅಜ್ಜಿಯನ್ನು ಕೇಳಿ. ಹೂಂ ಅಂದರೆ ನಿಮ್ಮ ಎರಡು ಮಂಚ ಖಾಲಿಯೇ ಇರಲಿ. ಹಣ ಕೊಟ್ಟವರಿಗೆ ಬೇಜಾರಾಗಬಹುದು. ಅವರಿಗೆ ಕೂರಿಸಿ ತಿಳಿಹೇಳು, ಹೆದರಬೇಡ.

ನಿಜವಾಗಿ ದಿಕ್ಕಿಲ್ಲದ ಮಕ್ಕಳು ಬಂದೇ ಬರುತ್ತಾರೆ. ಅವರಿಗೆ ನಿಮ್ಮ ಮನೆ ಬೇಕೇ ಬೇಕು. ಬಂದ ರಾತ್ರಿ ಏನೂ ಕೇಳಬೇಡಿ. ಬಿಸಿ ಊಟ ಕೊಡಿ, ದೀಪ ಆರಿಸಬೇಡಿ, ಒಬ್ಬ ಹೆಂಗಸು ಹತ್ತಿರ ಮಲಗಲಿ. ಕೆಲವು ಮಕ್ಕಳು ಊಟದ ತುಣುಕನ್ನು ದಿಂಬಿನ ಕೆಳಗೆ ಬಚ್ಚಿಡುತ್ತವೆ. ನಮ್ಮಲ್ಲಿ ಒಣಗಿದ ರೊಟ್ಟಿ ಸಿಗುತ್ತಿತ್ತು. ಬೈಯಬೇಡಿ. ಯಾವಾಗ ಬೇಕಾದರೂ ಕೈ ಹಾಕಿ ತಿನ್ನುವಂತೆ ಒಂದು ಬುಟ್ಟಿಯಲ್ಲಿ ಏನಾದರೂ ಇಡಿ. ನಾಳೆಯೂ ಊಟ ಇದೆ ಅಂತ ನಂಬಿಕೆ ಬಂದ ಮೇಲೆ ತಾವೇ ಬಿಡುತ್ತವೆ. ದೊಡ್ಡ ಮಕ್ಕಳೂ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಾರೆ. ಉಳಿದವರು ಏಳುವ ಮುಂಚೆ ಚಾದರ ಬದಲಾಯಿಸಿಬಿಡಿ, ಸುದ್ದಿ ಮಾಡಬೇಡಿ. ಅಣ್ಣ-ತಮ್ಮ, ಅಕ್ಕ-ತಂಗಿಯರನ್ನು ಬೇರೆ ಮಾಡಬೇಡಿ. ಪ್ರತಿ ಮಗುವಿಗೂ ಬೀಗ ಇರುವ ಒಂದು ಪೆಟ್ಟಿಗೆ ಕೊಡಿ. ಅದರೊಳಗೆ ಏನಿದೆ ಅಂತ ಯಾರೂ ನೋಡಬಾರದು. ಊರು, ಓಣಿ, ಸೋದರಮಾವ, ಅತ್ತೆ, ಮಗು ಏನು ಹೇಳಿದರೂ ಬರೆದಿಡಿ. ಮುಂದೆಂದೋ ಅದೇ ದಾರಿ ತೋರಿಸುತ್ತದೆ. ಮಕ್ಕಳ ಮುಖದ ಫೋಟೋ ತೆಗೆದು ಹಣ ಕೇಳುವ ಕೆಲಸಕ್ಕೆ ಮಾತ್ರ ನೀನು ಒಪ್ಪಬೇಡ. ಈ ಮಾತನ್ನು ನಾನು ಕೈ ಮುಗಿದು ಹೇಳುತ್ತೇನೆ.

ಇನ್ನೊಂದು. ಅಳಿಯಂದಿರ ಕೆಲಸ ಮುಗಿದ ದಿನ ನೀನು ವಾಪಸ್ ಬರುವವಳು. ಅಲ್ಲೇ ಉಳಿಯುವವರು ಮ್ವಾಂಜಾದ ಹೆಂಗಸರು. ಬೀಗದ ಕೈ, ಲೆಕ್ಕದ ಪುಸ್ತಕ, ಅಡುಗೆಮನೆಯ ತೀರ್ಮಾನ ಈಗಿನಿಂದಲೇ ಅವರ ಕೈಯಲ್ಲಿರಲಿ. ಮಕ್ಕಳು ಅವ್ವಾ ಅಂತ ಕರೆಯುವುದಿದ್ದರೆ ಅವರನ್ನೇ ಕರೆಯಲಿ.

ನಿನ್ನ ವಿಷಯಕ್ಕೆ ಬರುತ್ತೇನೆ. ಜೋಳ ಸಿಗದೆ ಬಾಯಿ ಕೆಟ್ಟಿದೆ ಅಂದೆಯಲ್ಲ. ಸಂತೆಯಲ್ಲಿ ಮ್ತಾಮಾ ಅಂತ ಕೇಳು, ಅದು ಜೋಳವೇ. ಹಿಟ್ಟು ಹಳೆಯದಾಗಿದ್ದರೆ ಜಿಗಿ ಇರುವುದಿಲ್ಲ, ಬಡಿಯುವಾಗ ರೊಟ್ಟಿ ಸೀಳುತ್ತದೆ. ಕಾಳು ಕೊಂಡು ಬೀಸಿಸಿಕೋ, ಬಿಸಿನೀರು ಹಾಕಿ ಚೆನ್ನಾಗಿ ನಾದು. ತೊಗರಿಗಂತೂ ಅಲ್ಲಿ ಕೊರತೆ ಇಲ್ಲ. ಆ ದೇಶದ ತೊಗರಿ ನಮ್ಮ ದೇಶಕ್ಕೇ ಹಡಗಿನಲ್ಲಿ ಬರುತ್ತದೆ. ಬೇರೆ ದೇಶದ ತೊಗರಿ ಬಂದು ದರ ಬೀಳುತ್ತದೆ ಅಂತ ನಿನ್ನ ಕಾಕಾ ಪ್ರತಿ ಸುಗ್ಗಿಯಲ್ಲೂ ಸಂಕಟಪಡುತ್ತಾನೆ. ಅಲ್ಲಿ ಬೆಳೆಯುವವರೂ ನಮ್ಮಂಥ ರೈತರೇ ಅಲ್ವಾ? ಅವರ ಮಕ್ಕಳೂ ನಿಮ್ಮ ಬಾಗಿಲಿಗೆ ಬರಬಹುದು.

ಗಡಿಯಾರದ ಗೊಂದಲಕ್ಕೆ ಅಳಬೇಡ. ಬೆಳಗಿನ ಏಳನ್ನು ಅವರು ಒಂದು ಗಂಟೆ ಅನ್ನುತ್ತಾರೆ ಅಂದಮೇಲೆ, ಆರು ಕಳೆದು ಲೆಕ್ಕ ಹಾಕಿದರಾಯಿತು. ಮಕ್ಕಳು ಶಿಕಮೂ ಅಂತ ನಮಸ್ಕಾರ ಹೇಳಿದರೆ ಉತ್ತರಕ್ಕೆ ಮರಹಬಾ ಅನ್ನುವುದನ್ನು ಮರೆಯಬೇಡ, ಹಿರಿಯರಿಗೆ ನೀನೇ ಮೊದಲು ಶಿಕಮೂ ಅನ್ನು. ಮಳೆಗಾಲ ಶುರುವಾಯಿತು, ಸಂಜೆಯಾದರೆ ಸೊಳ್ಳೆಪರದೆ ಕಟ್ಟು. ವಿಕ್ಟೋರಿಯಾ ಸರೋವರದ ದಂಡೆಯ ನೀರಿಗೆ ಕಾಲಿಡಬೇಡ, ಮಕ್ಕಳನ್ನೂ ಬಿಡಬೇಡ. ಅದರಲ್ಲಿರುವ ಹುಳು ಚರ್ಮದ ಮೂಲಕವೇ ಮೈಗೆ ಸೇರುತ್ತದೆ.

ಇಲ್ಲಿ ಬಿಸಿಲು ಏರಿದೆ. ಹೋಳಿ ಹುಣ್ಣಿಮೆಯಾಗಿ ಐದನೇ ದಿನಕ್ಕೆ ಶರಣಬಸವೇಶ್ವರರ ತೇರು. ನಿನ್ನ ಅಪ್ಪ ದಾಸೋಹಕ್ಕೆ ಒಂದು ಚೀಲ ಬೇಳೆ ಕೊಡುತ್ತಾರೆ, ಈ ಸಲ ನಿನ್ನ ಹೆಸರಲ್ಲಿ.

ನಮಗಿಂತ ನೀವು ಎರಡೂವರೆ ಗಂಟೆ ಹಿಂದೆ. ನಿನ್ನ ಕೆಲಸ ಮುಗಿದ ಮೇಲೆ ಯಾವಾಗ ಬೇಕಾದರೂ ಫೋನ್ ಮಾಡು, ನಾನು ಎಚ್ಚರ ಇರುತ್ತೇನೆ. ಆ ಅಜ್ಜಿ ಏನಂದಳು, ಮನೆ ಹೇಗಿದೆ, ಮಕ್ಕಳು ಆಕೆಯ ಹತ್ತಿರ ಹೋದರಾ, ಎಲ್ಲ ಬಿಡಿಸಿ ಹೇಳಬೇಕು.

ನಿನ್ನ
ಅವ್ವ